ಎನ್‌ಎಡಿ ಮಾತ್ರೆಯಿಂದ ಮುಪ್ಪು ಮುಂದಕ್ಕೆ ಹೋಗುತ್ತದೆಯೇ?

ವಯಸ್ಸಾದಂತೆ ಜೀವಕೋಶಗಳಲ್ಲಿ ಎನ್‌ಎಡಿ (ಆಹಾರವನ್ನು ಶಕ್ತಿಯಾಗಿಸಲು ನೆರವಾಗುವ ಅಣು) ಕಡಿಮೆಯಾಗುತ್ತದಂತೆ, ಮಾತ್ರೆ ನುಂಗಿ ಅದನ್ನು ಹೆಚ್ಚಿಸಿಕೊಂಡರೆ ಮುಪ್ಪನ್ನೂ ಮಧುಮೇಹವನ್ನೂ ದೂರವಿಡಬಹುದೇ ಎಂದು ಕೇಳಿದ್ದೀರಿ. ರಕ್ತದಲ್ಲಿ ಅದರ ಮಟ್ಟವನ್ನು ಹೆಚ್ಚಿಸಬಹುದು, ನಿಜ. ಆದರೆ ಅದರಿಂದ ಮನುಷ್ಯನ ಮುಪ್ಪು ನಿಧಾನವಾಗುತ್ತದೆ ಎನ್ನಲು ಆಧಾರವಿಲ್ಲ. ಜೀವರಸಾಯನಶಾಸ್ತ್ರ ಕಲಿಸುವ ನನಗೆ ಈ ಅಣುವಿನ ಮೇಲೆ ಅಪಾರ ಪ್ರೀತಿ. ಅದರ ಹೆಸರಿನಲ್ಲಿ ಹುಸಿ ಭರವಸೆ ಮಾರುವುದನ್ನು ಕಂಡರೆ ಸಂಕಟವಾಗುತ್ತದೆ.

1906ರಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟ್ ರಸದಲ್ಲಿ ಇದರ ಸುಳಿವು ಕಂಡರು: ಕುದಿಸಿದರೂ ಕೆಡದ, ಆದರೆ ಇಲ್ಲದಿದ್ದರೆ ಹುದುಗುವಿಕೆಯೇ ನಿಲ್ಲುವ ವಸ್ತು. ಕಿಣ್ವಗಳ ಕೆಲಸಕ್ಕೆ ನೆರವಾಗುವ ಈ ಸಹಕಿಣ್ವಕ್ಕೆ ಎರಡು ಬಗೆಯ ಕೆಲಸಗಳಿವೆ. ಆಹಾರ ಶಕ್ತಿಯಾಗುವಾಗ ಅದು ಎಲೆಕ್ಟ್ರಾನ್‌ಗಳನ್ನು ಹೊತ್ತು, ಇನ್ನೊಂದೆಡೆ ಇಳಿಸಿ, ಮತ್ತೆ ಮೊದಲಿನಂತಾಗುತ್ತದೆ, ಇಲ್ಲಿ ಖರ್ಚಿಲ್ಲ. ಎರಡನೆಯ ಬಗೆಯಲ್ಲಿ ಅಣುವೇ ಒಡೆದುಹೋಗುತ್ತದೆ. ಡಿಎನ್‌ಎ ತುಂಡಾದಾಗ ರಿಪೇರಿಗೆ ಧಾವಿಸುವ ಪಾರ್ಪ್ ಕಿಣ್ವಗಳು, ವಂಶವಾಹಿಗಳ ಚಟುವಟಿಕೆಯನ್ನು ಹದ್ದುಬಸ್ತಿನಲ್ಲಿಡುವ ಸರ್ಟುಯಿನ್‌ಗಳು, ರೋಗನಿರೋಧಕ ಕೋಶಗಳಲ್ಲಿರುವ ಸಿಡಿ38 ಎಂಬ ಕಿಣ್ವ, ಎಲ್ಲವೂ ಅದನ್ನು ಒಡೆದೇ ಬಳಸುತ್ತವೆ. ಉರಿಯೂತ ಹೆಚ್ಚಿದಷ್ಟೂ ಸಿಡಿ38 ಹೆಚ್ಚುತ್ತದೆ. ಈ ಕಿಣ್ವವಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ವಯಸ್ಸಾದರೂ ಎನ್‌ಎಡಿ ಅಷ್ಟಾಗಿ ಕುಸಿಯುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಕೊರತೆಗೆ ಕಾರಣ ಉತ್ಪಾದನೆ ಕುಗ್ಗುವುದಷ್ಟೇ ಅಲ್ಲ, ಬಳಕೆ ಮಿತಿಮೀರುವುದೂ ಹೌದು. ಬೊಜ್ಜು, ಮಧುಮೇಹ, ಕೊಬ್ಬು ತುಂಬಿದ ಯಕೃತ್ತು ಇವೆಲ್ಲದರಲ್ಲೂ ಸಣ್ಣ ಮಟ್ಟದ ಉರಿಯೂತ ವರ್ಷಗಟ್ಟಲೆ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟು ಹೊರಗಿನಿಂದ ಸುರಿಯುತ್ತಾ ಹೋದರೆ ಎಷ್ಟು ದಕ್ಕೀತು?

ಪ್ರಯೋಗಗಳ ಮಾತಿಗೆ ಬರೋಣ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದ, ಮುಟ್ಟು ನಿಂತ ಮಹಿಳೆಯರು ದೇಹದಲ್ಲಿ ಎನ್‌ಎಡಿಯಾಗಿ ಬದಲಾಗುವ ಎನ್‌ಎಂಎನ್ ಎಂಬ ಪೂರಕವನ್ನು 10 ವಾರ ದಿನಕ್ಕೆ 250 ಮಿಲಿಗ್ರಾಂನಂತೆ ತೆಗೆದುಕೊಂಡರು. ಸ್ನಾಯುಗಳು ಇನ್ಸುಲಿನ್‌ಗೆ ಸ್ಪಂದಿಸುವುದು ಸುಧಾರಿಸಿತು. ರಕ್ತದ ಸಕ್ಕರೆ, ರಕ್ತದೊತ್ತಡ ಇಳಿಯಲಿಲ್ಲ. ಕುತೂಹಲಕಾರಿ ಫಲಿತಾಂಶವೇ, ಆದರೆ ಅದನ್ನು ಚಿಕಿತ್ಸೆ ಎನ್ನಲಾಗದು. ಇದೇ ಗುಂಪಿನ ಇನ್ನೊಂದು ಪೂರಕವಾದ ನಿಕೋಟಿನಮೈಡ್ ರೈಬೊಸೈಡ್ ಅನ್ನು ಅಮೆರಿಕದ ಹಲವು ಪ್ರಯೋಗಾಲಯಗಳು ಒಟ್ಟಾಗಿ ಇಲಿಗಳ ಮೇಲೆ ಪರೀಕ್ಷಿಸಿದಾಗ ಆಯುಷ್ಯ ಹೆಚ್ಚಲಿಲ್ಲ.

ನಿಯಮಿತ ವ್ಯಾಯಾಮ ಮಾಡಿದರೆ, ಎನ್‌ಎಡಿಯನ್ನು ಮರುತಯಾರಿಸುವ ಕಿಣ್ವ ಸ್ನಾಯುಗಳಲ್ಲಿ ತಾನಾಗಿಯೇ ಹೆಚ್ಚುತ್ತದೆ. ನಾನು ಮೊದಲು ಹೇಳುವುದು ಅದನ್ನೇ. ಮಾತ್ರೆ ಬೇಕೇ ಬೇಕು ಎನ್ನಿಸಿದರೆ, ಮಧುಮೇಹದ ಔಷಧಿಯನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಕ್ಯಾನ್ಸರ್ ಇದ್ದವರು, ಹಿಂದೆ ಬಂದಿದ್ದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು: ಕ್ಯಾನ್ಸರ್ ಕೋಶಗಳಿಗೂ ಬೆಳೆಯಲು ಎನ್‌ಎಡಿ ಬೇಕು.