ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯುವ ನಾಸಾ ಉಪಗ್ರಹ ಓಸಿಓ-2ರ ದತ್ತಾಂಶದಲ್ಲಿ ಬೆಂಗಳೂರಿನ ಮೇಲೆ ಬೆರಳೆಣಿಕೆಯ ಬಿಂದುಗಳೇ ಏಕೆ? ಇದರಿಂದ ನಗರದ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಹಾಕಬಹುದೇ?

ನಿಮ್ಮ ಫೈಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬಿಂದುವೂ ಇಲ್ಲ ಎಂದಿದ್ದೀರಿ. ಫೈಲ್ ಕೆಟ್ಟಿಲ್ಲ. ಓಸಿಓ-2 ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಹಾದುಹೋಗುತ್ತದೆ, ನೋಡುವುದು ಸುಮಾರು 10 ಕಿ.ಮೀ. ಅಗಲದ ಪಟ್ಟಿಯನ್ನಷ್ಟೇ. ಅದೇ ಹಾದಿಗೆ ಮರಳಲು 16 ದಿನ ಬೇಕು. ಪಕ್ಕದ ಹಾದಿ 160 ಕಿ.ಮೀ.ಗೂ ಆಚೆ. ಊರು ಎರಡರ ನಡುವೆ ಬಿದ್ದರೆ ಸಿಗುವುದೇ ಇಲ್ಲ.

ಅಳತೆ ನಡೆಯುವುದು ನೆಲದಿಂದ ಮರಳಿದ ಬಿಸಿಲಿನಲ್ಲಿ. 1.61 ಮತ್ತು 2.06 ಮೈಕ್ರೋಮೀಟರ್ ಬಳಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಬೆಳಕು ನುಂಗಿದೆ ಎಂದು ನೋಡಿ, 0.76ರ ಬಳಿಯ ಆಮ್ಲಜನಕದಿಂದ ಒಟ್ಟು ಗಾಳಿ ಎಷ್ಟೆಂದು ತಿಳಿಯುತ್ತಾರೆ. ತೆಳು ಮೋಡವೂ ಬೆಳಕಿನ ದಾರಿ ತಪ್ಪಿಸುತ್ತದೆ, ಲೆಕ್ಕ ಕೆಡುತ್ತದೆ. ಹಾಗಾಗಿ ಮುಂಗಾರಿನ ಅಳತೆಗಳು ಬಹುತೇಕ ಗುಣಮಟ್ಟದ ಜರಡಿಯಲ್ಲೇ ಹೋಗುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನದನ್ನು ಹಿಡಿಯಿರಿ.

'ಲೈಟ್' (ಹಗುರಗೊಳಿಸಿದ) ಫೈಲಿನಲ್ಲಿ ಕ್ವಾಲಿಟಿ ಫ್ಲ್ಯಾಗ್ 0, ಅಂದರೆ ಅಳತೆ ಚೆನ್ನಾಗಿದೆ ಎಂಬ ಗುರುತು, ಇರುವ ಬಿಂದುಗಳನ್ನು ಮಾತ್ರ ಉಳಿಸಿ. ಸಿಗುವ ಸಂಖ್ಯೆ ನೆಲದ ಮಟ್ಟದ್ದಲ್ಲ, ನೆಲದಿಂದ ಮೇಲಿನ ತುದಿಯವರೆಗಿನ ಗಾಳಿಕಂಬದ ಸರಾಸರಿ. ಕೆಳಗಿನ ಒಂದು ಕಿಲೋಮೀಟರ್ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಏರಿದರೂ ಇಲ್ಲಿ ಕಾಣುವುದು ಸುಮಾರು 1. ಅಂದರೆ 420ರ ಆಸುಪಾಸಿನಲ್ಲಿ ಒಂದನ್ನು ಹುಡುಕುತ್ತಿದ್ದೀರಿ! ಆದ್ದರಿಂದ ಹಿನ್ನೆಲೆ ಮಟ್ಟ, ಅಂದರೆ ಊರಿನ ಹೊಗೆ ಸೇರದ ಗಾಳಿಯ ಮಟ್ಟ, ಆರಿಸುವಲ್ಲೇ ಎಲ್ಲರೂ ಎಡವುವುದು. ಹವಾಯಿಯ ಮೌನಾ ಲೋವಾ ವೀಕ್ಷಣಾಲಯದ ಸಂಖ್ಯೆಯನ್ನು ಕಳೆಯಬೇಡಿ, ಅದು ಒಂದೇ ಎತ್ತರದ ಗಾಳಿಯದು. ಹಿಂದಿನ ತಿಂಗಳ ಸರಾಸರಿಯೂ ಬೇಡ, ಋತುವಿನ ಏರಿಳಿತವೇ ಊರಿನ ಗುರುತನ್ನು ನುಂಗಿಹಾಕುತ್ತದೆ. ಅದೇ ಹಾದಿಯಲ್ಲಿ, ಅದೇ ನಿಮಿಷದಲ್ಲಿ, ಗಾಳಿ ಬೀಸಿ ಬರುವ ಕಡೆಯ ಬಿಂದುಗಳನ್ನೇ ಬಳಸಿ.

ಊರಿನ ಹೊರಸೂಸುವಿಕೆ ಎಷ್ಟೆಂದು ತೆಗೆಯಲು ಹಿನ್ನೆಲೆಗಿಂತ ಕಂಡ ಆ ಹೆಚ್ಚಳವನ್ನು ಗಾಳಿಯ ವೇಗದಿಂದ ಗುಣಿಸಬೇಕು. ನಿಜವಾದ ವೇಗ ಸೆಕೆಂಡಿಗೆ 2 ಮೀಟರ್ ಇದ್ದು, ನೀವು 4 ಎಂದು ಹಾಕಿದರೆ ಉತ್ತರ ನೇರ ಇಮ್ಮಡಿ. ದಿಕ್ಕು ತಪ್ಪಿದರೆ ಹೊಗೆಯ ಬಾಲ (ಗಾಳಿ ಎಳೆದೊಯ್ಯುವ ಅನಿಲದ ಉದ್ದ ಎಳೆ) ಪಟ್ಟಿಯ ಹೊರಗೇ ಉಳಿಯುತ್ತದೆ. ಮಧ್ಯಪ್ರದೇಶದ ಸಾಸನ್‌ನಂಥ ದೊಡ್ಡ ಕಲ್ಲಿದ್ದಲು ಸ್ಥಾವರದ ಬಾಲ ಹಿಡಿಯುವುದು ಸಾಧ್ಯ. ಹರಡಿಕೊಂಡ ನಗರದ್ದು ಕಷ್ಟ. ಒಂದೆರಡು ಹಾದಿಯಿಂದ ವಾರ್ಷಿಕ ಲೆಕ್ಕವಂತೂ ಹೇಳಲೇಬೇಡಿ.

ಗಾಳಿಯಲ್ಲಿನ ಅನಿಲಗಳ ಲೆಕ್ಕ ಹಾಕುವ ಜಿಯೋಸ್-ಕೆಮ್‌ನಂಥ ಕಂಪ್ಯೂಟರ್ ಮಾದರಿಯ ಜೊತೆ ಹೋಲಿಸುವುದಾದರೆ ಅದರ ಪದರಗಳನ್ನು ಸುಮ್ಮನೆ ಸರಾಸರಿ ಮಾಡಬೇಡಿ. ಫೈಲಿನಲ್ಲೇ ಇರುವ ಒತ್ತಡದ ತೂಕ (ಪ್ರತಿ ಪದರದ ಗಾಳಿಯ ಪಾಲು), ಆವರೇಜಿಂಗ್ ಕರ್ನೆಲ್ (ಯಾವ ಎತ್ತರಕ್ಕೆ ಅಳತೆ ಎಷ್ಟು ಸ್ಪಂದಿಸುತ್ತದೆ ಎಂಬುದು) ಮತ್ತು ಪೂರ್ವ ಅಂದಾಜನ್ನು (ಅಳತೆಗೆ ಮೊದಲಿನ ಊಹೆ) ಹಚ್ಚಿದ ಮೇಲಷ್ಟೇ ಎರಡೂ ಒಂದೇ ತಕ್ಕಡಿಗೆ ಬರುತ್ತವೆ.

ಊರೇ ಬೇಕೆಂದರೆ 2019ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿರುವ ಓಸಿಓ-3ರ 'ಸ್ನ್ಯಾಪ್‌ಶಾಟ್ ಏರಿಯಾ ಮ್ಯಾಪ್' ಹುಡುಕಿ. ಒಂದೇ ಸಲಕ್ಕೆ ಸುಮಾರು 80 ಕಿ.ಮೀ. ಉದ್ದಗಲ ಗುಡಿಸುತ್ತದೆ. ಆದರೆ ಅದು ಹಾದುಹೋಗುವ ಹೊತ್ತು ದಿನಕ್ಕೊಂದು ಥರ. ಬೆಳಗಿನದನ್ನೂ ಮಧ್ಯಾಹ್ನದ್ದನ್ನೂ ಬೆರೆಸಬೇಡಿ.