ಮರುಭೂಮಿಯ ಸಮಾಧಿಗಳಲ್ಲಿ ಉಳಿದ ಬಿಲ್ಲುಗಳು

ಪ್ರಶ್ನೆ: ಚೀನದ ಷಿನ್‌ಜಿಯಾಂಗ್ ಪ್ರಾಂತದ ಮರುಭೂಮಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಬಿಲ್ಲುಗಳು ಸಮಾಧಿಗಳಲ್ಲಿ ಸಿಕ್ಕಿವೆಯೆಂದು ಓದಿದೆ. ಮರದ ವಸ್ತು ಅಷ್ಟು ಕಾಲ ಕೊಳೆಯದೆ ಉಳಿಯುವುದು ಹೇಗೆ? ಅಲ್ಲಿಯೇ ಹೆಚ್ಚಾಗಿ ಸಿಗುವುದರಿಂದ ಅಲ್ಲಿಯವರೇ ಬಿಲ್ವಿದ್ಯೆಯಲ್ಲಿ ಮುಂದಿದ್ದರೆಂದು ತಿಳಿಯಬಹುದೆ?

ಉತ್ತರ: ಮರವನ್ನು ಕೊಳೆಯಿಸುವುದು ಕಾಲವಲ್ಲ, ಶಿಲೀಂಧ್ರ ಮತ್ತು ಸೂಕ್ಷ್ಮಜೀವಿಗಳು. ಅವುಗಳಿಗೆ ನೀರು ಬೇಕು. ತುರ್ಫಾನ್ ತಗ್ಗಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 16 ಮಿಲಿಮೀಟರ್ ಮಾತ್ರ. ಅಲ್ಲಿನ ಯಾಂಗ್‌ಹಾಯ್ ಸ್ಮಶಾನದಲ್ಲಿ ಬಿಲ್ಲುಗಳಷ್ಟೇ ಅಲ್ಲ, ಸುಮಾರು 3,000 ವರ್ಷ ಹಳೆಯ ಉಣ್ಣೆಯ ಷರಾಯಿಗಳೂ ಉಳಿದುಕೊಂಡಿರುವುದು ಈ ಒಣಹವೆಯಿಂದಲೇ.

ಇನ್ನು, ಅಲ್ಲಿ ಸಿಕ್ಕ ಬಿಲ್ಲುಗಳಲ್ಲಿ ಹಲವು ಬರಿಯ ಮರದವಲ್ಲ. ನಡುವೆ ಮರ, ಬಿಲ್ಲುಗಾರನತ್ತ ತಿರುಗುವ ಮೈಗೆ ಕೊಂಬಿನ ಪಟ್ಟಿ, ಹೊರಮೈಗೆ ಪ್ರಾಣಿಗಳ ಸ್ನಾಯುರಜ್ಜುವಿನ ನಾರು, ಇವೆಲ್ಲವನ್ನೂ ಹಿಡಿದಿಡುವ ಅಂಟು, ಹೀಗೆ ನಾಲ್ಕು ವಸ್ತುಗಳ ಕೂಡುಬಿಲ್ಲು ಅದು. ಹೆದೆಯನ್ನು ಎಳೆದಾಗ ಒಳಮೈ ಒತ್ತಲ್ಪಡುತ್ತದೆ, ಹೊರಮೈ ಹಿಗ್ಗುತ್ತದೆ; ಒತ್ತಡವನ್ನು ಕೊಂಬು ತಾಳಿಕೊಂಡರೆ ಹಿಗ್ಗನ್ನು ನಾರು ತಾಳಿಕೊಳ್ಳುತ್ತದೆ. ಆದ್ದರಿಂದಲೇ ಕುದುರೆಯ ಮೇಲೆ ಕುಳಿತು ಬಳಸುವಷ್ಟು ಗಿಡ್ಡದಾದರೂ ಅದು ಬಲವಾದ ಬಿಲ್ಲು. (ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಬಂದುದೂ ಶೃಂಗದಿಂದ, ಅಂದರೆ ಕೊಂಬಿನಿಂದಲೇ.) ಇಂಥ ಬಿಲ್ಲಿಗೆ ತೇವವೇ ದೊಡ್ಡ ಶತ್ರು. ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟು ನೀರು ಹೀರಿ ಮೆದುವಾದರೆ ಪದರಗಳು ಬಿಟ್ಟುಕೊಳ್ಳುತ್ತವೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ತೇವದ ನೆಲದಲ್ಲಿ ಹೂತ ಕೂಡುಬಿಲ್ಲಿನ ಮರ, ನಾರು, ಅಂಟು ಎಲ್ಲವೂ ಮಣ್ಣಾಗಿ, ತುದಿಗಳನ್ನೂ ಹಿಡಿಯನ್ನೂ ಬಿಗಿಯಾಗಿಸಲು ಕೂರಿಸಿದ್ದ ಮೂಳೆಯ ತಗಡುಗಳಷ್ಟೇ ಉಳಿಯುತ್ತವೆ. ಯುರೇಷ್ಯದ ಹುಲ್ಲುಗಾವಲುಗಳ ಎಷ್ಟೋ ಸಮಾಧಿಗಳಲ್ಲಿ ಸಂಶೋಧಕರ ಕೈಗೆ ಸಿಕ್ಕಿರುವುದು ಅವು ಮಾತ್ರ. ಹಾಗಾಗಿ ಮರುಭೂಮಿಯಲ್ಲಿ ಹೆಚ್ಚು ಬಿಲ್ಲುಗಳು ಸಿಕ್ಕವೆಂದರೆ ಅಲ್ಲಿ ಹೆಚ್ಚು ಬಿಲ್ಲುಗಾರರಿದ್ದರೆಂದಲ್ಲ, ಉಳಿಸಿಕೊಡುವ ನೆಲವಿತ್ತೆಂದಷ್ಟೇ ಅರ್ಥ. ನಕ್ಷೆಯಲ್ಲಿ ಶೋಧಸ್ಥಳಗಳ ಚುಕ್ಕೆ ಎಣಿಸಿ ಯಾರು ನಿಪುಣರೆಂದು ತೀರ್ಮಾನಿಸುವವರು ಇದನ್ನು ಮರೆಯುತ್ತಾರೆ.

ಆದರೆ ಒಣ ಸಮಾಧಿ ಕೊಡುವಷ್ಟು ಸೂಕ್ಷ್ಮ ವಿವರವನ್ನು ಬೇರೆಡೆಯ ಸಮಾಧಿ ಕೊಡುವುದು ಅಪರೂಪ. ತಕ್ಲಮಕಾನ್ ಮರುಭೂಮಿಯ ದಕ್ಷಿಣ ಅಂಚಿನ ನಿಯಾದಲ್ಲಿ 1995ರಲ್ಲಿ ಸಿಕ್ಕ ರೇಷ್ಮೆಯ ತುಂಡೊಂದು 18.5 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಅಗಲವಿದೆ. ಐದು ಬಣ್ಣಗಳ ಆ ನೇಯ್ಗೆಯಲ್ಲಿ ಪ್ರಾಣಿಪಕ್ಷಿಗಳ ನಡುವೆ, ಪೂರ್ವದಲ್ಲಿ ಪಂಚಗ್ರಹಗಳು ಉದಯಿಸಿದರೆ ಚೀನಕ್ಕೆ ಶುಭ ಎಂಬರ್ಥದ ಎಂಟು ಅಕ್ಷರಗಳಿವೆ. ಅಂಚಿನ ದಾರಗಳಿಂದ ಅದನ್ನು ಬಿಲ್ಲುಗಾರನ ಮುಂಗೈಗೆ ಕಟ್ಟುತ್ತಿದ್ದರು. ಬಾಣ ಬಿಟ್ಟಾಗ ಹೆದೆ ಬಡಿಯದಿರಲೆಂದು ತೊಡುವ ರಕ್ಷೆ ಅದು.

ಪ್ರಶ್ನೆ: ಅಷ್ಟು ಚೆನ್ನಾಗಿ ಉಳಿದಿರುವ ಬಿಲ್ಲಿಗೆ ಈಗ ಹೆದೆಯೇರಿಸಿ ಬಾಣ ಬಿಡಬಹುದೆ?

ಉತ್ತರ: ಸಾಧ್ಯವಿಲ್ಲ. ಆಕಾರ ಉಳಿದಿದೆ, ಕಸುವು ಉಳಿದಿಲ್ಲ. ಬಿಲ್ಲು ಬಾಗಲು ಮರದಲ್ಲಿಯೂ ಅಂಟಿನಲ್ಲಿಯೂ ಅಲ್ಪಸ್ವಲ್ಪ ತೇವವಿರಬೇಕು. ಶತಮಾನಗಳ ಒಣಹವೆ ಅದನ್ನೂ ಹೀರಿಬಿಟ್ಟಿರುವುದರಿಂದ ಬಗ್ಗಿಸಲು ಹೋದರೆ ಬಿಲ್ಲು ಮುರಿಯುತ್ತದೆ. ಆದ್ದರಿಂದ ಬಲವನ್ನು ಪರೀಕ್ಷಿಸಬೇಕೆನ್ನುವವರು ಮೂಲವನ್ನು ಮುಟ್ಟದೆ, ಅದರ ಅಳತೆ ತೆಗೆದುಕೊಂಡು, ಅದೇ ಬಗೆಯ ಕೊಂಬು, ಮರ, ನಾರುಗಳಿಂದ ಹೊಸದೊಂದನ್ನು ಕಟ್ಟಿಕೊಳ್ಳುತ್ತಾರೆ. ಪ್ರತಿ ಪದರದ ಅಂಟೂ ಚೆನ್ನಾಗಿ ಒಣಗಬೇಕಾದುದರಿಂದ ಆ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ.