ಆಪ್ತಸಲಹೆ ಪ್ರಕರಣ: ಕ್ಯಾಂಡಿ ಕ್ರಶ್‌ನಲ್ಲಿ 2,140, ಥೀಸಿಸ್‌ನಲ್ಲಿ ಮೂರನೇ ಅಧ್ಯಾಯ

ಹೆಸರು, ಊರು, ಓದಿನ ವಿಷಯ ಎಲ್ಲಾ ಬದಲಾಯಿಸಿದೀನಿ, ಅವ್ರ ಒಪ್ಪಿಗೆ ತಗೊಂಡೇ ಬರೀತಿರೋದು. ವಸುಧಾ ಅಂತಿಟ್ಕೊಳ್ಳಿ. 36 ವರ್ಷ, ಅತಿಥಿ ಉಪನ್ಯಾಸಕಿ, ನಾಲ್ಕು ವರ್ಷದ ಮಗಳು, ಮನೇಲಿ ಅತ್ತೆ. ಪಿಎಚ್‌ಡಿ ಎಕ್ಸ್‌ಟೆನ್ಶನ್ ಮೇಲೆ ನಡೀತಿತ್ತು. ಬಂದು ಕೂತ ತಕ್ಷಣ, "ಮೇಡಂ, ಕ್ಯಾಂಡಿ ಕ್ರಶ್‌ನಲ್ಲಿ 2,140ನೇ ಲೆವೆಲ್ ದಾಟಿದೀನಿ, ಥೀಸಿಸ್ಸಲ್ಲಿ ಮೂರನೇ ಅಧ್ಯಾಯ ದಾಟಿಲ್ಲ, ನಾನೆಂಥ ಸೋಮಾರಿ ನೋಡಿ" ಅಂದ್ರು. ನಗ್ತಾನೇ ಹೇಳಿದ್ರು, ಆಮೇಲೆ ಅತ್ರು.

ಸೋಮಾರಿ ಅಂತೆ! ರಾತ್ರಿ ಹತ್ತೂವರೆಗೆ ದೋಸೆ ಹಿಟ್ಟು ರುಬ್ಬಿಟ್ಟು ಅಡುಗೆಮನೆ ಲೈಟ್ ಆರಿಸಿ, ಅಲ್ಲೇ ಗೋಡೆಗೊರಗಿ ಕೂತು, ಫೋನಿನ ಬ್ರೈಟ್‌ನೆಸ್ ಪೂರ್ತಿ ಇಳಿಸಿ ಆಡೋದು, ಅತ್ತೆಗೆ ಕಾಣಬಾರ್ದು ಅಂತ.

ಮೊದ್ಲು ಇದು ಚಟನಾ ಅಂತ ನೋಡ್ಬೇಕಿತ್ತು. 2022ರಿಂದ ಜಾರಿಯಲ್ಲಿರೋ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ, ಆದ್ರೆ ಅದಕ್ಕೆ ಹಿಡಿತ ತಪ್ಪಿರ್ಬೇಕು, ಆಟದ ಮುಂದೆ ಬದುಕಿನ ಬೇರೆಲ್ಲಾ ಹಿಂದೆ ಬಿದ್ದಿರ್ಬೇಕು, ನಷ್ಟ ಆಗ್ತಿದ್ರೂ ಬಿಡೋಕಾಗ್ಬಾರ್ದು. ಇವ್ರು ದಿನಾ ಮುಕ್ಕಾಲು ಗಂಟೆ ಆಡಿ ಮಲಗ್ತಿದ್ರು ಅಷ್ಟೇ. ಚಟ ಆಗಿದ್ದಿದ್ರೆ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಕಳಿಸ್ತಿದ್ದೆ, 2014ರಿಂದ ಅಲ್ಲಿ ಇದಕ್ಕೇ ಅಂತ ಸೇವೆ ಇದೆ.

ಎರಡನೇ ಭೇಟಿಗೆ ಒಂದು ನೋಟ್‌ಬುಕ್ ತಂದ್ರು. ಅದರಲ್ಲಿ ಹನ್ನೊಂದು ಟೈಮ್‌ಟೇಬಲ್, ಸ್ಕೆಚ್ ಪೆನ್ನಲ್ಲಿ ಬಣ್ಣ ಹಚ್ಚಿದ್ದು, ಎಲ್ಲಾ ಸೋಮವಾರದಿಂದ ಶುರು, ಒಂದೂ ಗುರುವಾರ ದಾಟಿಲ್ಲ. ಕೆಲಸಕ್ಕೆ ಪಾಯಿಂಟ್ ಕೊಡೋ ಆ್ಯಪೂ ಹಾಕ್ಕೊಂಡು ನೋಡಿದ್ರಂತೆ, ಒಂದು ವಾರದಲ್ಲಿ ಬಟ್ಟೆ ಮಡಚಿದ್ದಕ್ಕೆಲ್ಲಾ ಟಿಕ್ ಹಾಕಿ ಪಾಯಿಂಟ್ ಗುಡ್ಡೆ ಹಾಕಿದ್ರು, ಥೀಸಿಸ್ ಇದ್ದಲ್ಲೇ ಇತ್ತು. ನನ್ನ ಕೇಳಿದ್ರೆ ಪಾಯಿಂಟು, ಬ್ಯಾಡ್ಜು ಎಲ್ಲಾ ಆಟದ ಸಿಪ್ಪೆ.

ಅವ್ರನ್ನ ಕೇಳ್ದೆ, ಕ್ಯಾಂಡಿ ಕ್ರಶ್ಶಲ್ಲಿ ಸೋತ್ರೆ ಏನಾಗುತ್ತೆ? "ಒಂದು ಲೈಫ್ ಹೋಗುತ್ತೆ, ಅದೇ ಲೆವೆಲ್ ಮತ್ತೆ." ಒಂದ್ನೇ ಲೆವೆಲ್ಲಿಂದ ಆಡಿಸಿದ್ರೆ? "ಅಯ್ಯೋ, ಅವತ್ತೇ ಡಿಲೀಟ್ ಮಾಡ್ತಿದ್ದೆ." ನೋಟ್‌ಬುಕ್ ಅವ್ರ ಕಡೆ ತಿರುಗಿಸಿದೆ, ಸ್ವಲ್ಪ ಹೊತ್ತು ಸುಮ್ನಿದ್ರು. ಒಂದು ದಿನ ತಪ್ಪಿದ್ದಕ್ಕೆ ಇಡೀ ಪ್ಲಾನ್ ಹರಿದು ಹೊಸ ಸೋಮವಾರಕ್ಕೆ ಕಾಯೋದು ಅಂದ್ರೆ ಅದೇ ತಾನೆ. ಸೋಲು ಅಗ್ಗ ಇರೋದ್ರಿಂದ್ಲೇ ಜನ ಒಂದೇ ಲೆವೆಲ್ ನಲವತ್ತು ಸಲ ಆಡೋದು.

ಸಲಹೆ ಕೊಟ್ಟಿದ್ದು ಹೀಗೆ. ಹೊಸ ಟೈಮ್‌ಟೇಬಲ್ ಬರೆಯೋ ಹಾಗೇ ಇಲ್ಲ, ನೋಟ್‌ಬುಕ್ ನನ್ನ ಡ್ರಾಯರ್‌ನಲ್ಲೇ ಇರ್ಲಿ. "ಮೂರನೇ ಅಧ್ಯಾಯ ಬರಿ" ಅನ್ನೋದು ಲೆವೆಲ್ ಅಲ್ಲ, ಅದು ಇಡೀ ಆಟ. ಆ ಅಧ್ಯಾಯಕ್ಕೆ ಫೋನಲ್ಲಿ ರೆಕಾರ್ಡ್ ಮಾಡಿದ್ದ 62 ಸಂದರ್ಶನ ಕೇಳಿ ಟೈಪ್ ಮಾಡ್ಬೇಕಿತ್ತು, 17 ಆಗಿತ್ತು. ಸರಿ, ಒಂದು ಸಂದರ್ಶನ ಒಂದು ಲೆವೆಲ್. 62 ಮನೆಯ ಚಾರ್ಟ್ ಬರೆದು 17ಕ್ಕೆ ಮೊದ್ಲೇ ಬಣ್ಣ ತುಂಬಿಸಿದ್ವಿ. ಇದಕ್ಕೆ ಕಾರಣ ಇದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾರ್ ತೊಳೆಯೋ ಕಡೆ, ಮುದ್ರೆ ತುಂಬಿದ್ರೆ ಒಂದು ಸಲ ಪುಕ್ಕಟೆ ತೊಳೆದುಕೊಡೋ ಕಾರ್ಡ್ ಹಂಚಿದ್ರು, ಕೆಲವ್ರಿಗೆ 8 ಮುದ್ರೆಯ ಖಾಲಿ ಕಾರ್ಡು, ಇನ್ನು ಕೆಲವ್ರಿಗೆ 10ರಲ್ಲಿ 2 ಒತ್ತಿಕೊಟ್ಟ ಕಾರ್ಡು, ಇಬ್ರಿಗೂ ಬೇಕಿದ್ದು ಎಂಟೇ, ಆದ್ರೂ ಪೂರ್ತಿ ಮಾಡಿದವ್ರು ಖಾಲಿ ಕಾರ್ಡಲ್ಲಿ 19%, ಇನ್ನೊಂದರಲ್ಲಿ 34%.

ರಾತ್ರಿ 25 ನಿಮಿಷ ಸಾಕು, ಅಲಾರಂ ಹೊಡೆದ್ರೆ ವಾಕ್ಯದ ಮಧ್ಯ ಇದ್ರೂ ಏಳಿ ಅಂದೆ. ಒಂದು ರಾತ್ರಿ ರಜೆ ಹಾಕಿದ್ರೆ ಪಾಪಪ್ರಜ್ಞೆ ಕಾಡುತ್ತಲ್ಲ ಅಂದ್ರು. ಆಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಕಂಪ್ಯೂಟರ್ ಆಟದ ಕಥೆ ಹೇಳ್ದೆ (ನನ್ನ ಮಗನಿಂದ ಕಲಿತಿದ್ದು). 2004ರಲ್ಲಿ ಅದು ಬರೋಕೆ ಮುಂಚೆ, ಪರೀಕ್ಷೆ ಹಂತದಲ್ಲಿ, ತುಂಬಾ ಹೊತ್ತು ಆಡಿದ್ರೆ ಸಿಗೋ ಪಾಯಿಂಟ್ ಅರ್ಧಕ್ಕೆ ಇಳೀತಿತ್ತು, ಆಟಗಾರ್ರು ಸಿಡಿಮಿಡಿ ಅಂದ್ರು. ಆಟ ತಯಾರಿಸಿದವ್ರು ಲೆಕ್ಕ ಹಾಗೇ ಇಟ್ಟು ಹೆಸರು ಬದಲಾಯಿಸಿದ್ರು, ವಿಶ್ರಾಂತಿ ತಗೊಂಡು ಬಂದವ್ರಿಗೆ 200%, ಆಮೇಲೆ ಮಾಮೂಲಿ 100%. ಎಲ್ರೂ ಖುಷ್! ನಿಮ್ಮ ರಜೇನೂ ಮುಂದಿನ ಲೆವೆಲ್‌ಗೆ ಕೂಡಿಟ್ಟಿದ್ದು ಅಂತ ಬರ್ಕೊಳ್ಳಿ ಅಂದೆ, ನಕ್ರು.

ನಾನೂ ಒಂದು ತಪ್ಪು ಮಾಡಿದೆ. ಟೈಪ್ ಮುಗಿಸಿದ್ಮೇಲೆ ಬಹುಮಾನವಾಗಿ ಕ್ಯಾಂಡಿ ಕ್ರಶ್ ಆಡಿ ಅಂದಿದ್ದೆ. ಎರಡು ವಾರದಲ್ಲಿ ಬೇಗ ಆಡ್ಬೇಕು ಅಂತ ಸಂದರ್ಶನಗಳ್ನ ಅರ್ಧಂಬರ್ಧ ಟೈಪ್ ಮಾಡಿದ್ರು, ಮೂರು ಮತ್ತೆ ಕೇಳ್ಬೇಕಾಯ್ತು. ಅದನ್ನ ತೆಗೆದುಹಾಕ್ದೆ. ಆಟ ಬೇಕಾದಾಗ ಆಡಿ, ಆದ್ರೆ ಲೈಟ್ ಹಾಕ್ಕೊಂಡು ಆಡಿ ಅಂದೆ.

ಆರನೇ ವಾರ 38ಕ್ಕೆ ಬಂದಾಗ ಮಗಳಿಗೆ ಜ್ವರ, ಒಂಬತ್ತು ದಿನ ಏನೂ ಆಗ್ಲಿಲ್ಲ. ಈ ಸಲ ನೋಟ್‌ಬುಕ್ ವಾಪಸ್ ಕೇಳ್ತಾರೆ ಅಂತ್ಲೇ ಅಂದ್ಕೊಂಡಿದ್ದೆ. ಕೇಳ್ಲಿಲ್ಲ. ಒಂದು ಬುಧವಾರ ರಾತ್ರಿ ಮೆಸೇಜ್ ಬಂತು, "ಮೇಡಂ 39 ಆಯ್ತು. ಈ ಅಜ್ಜಿ ರೆಕಾರ್ಡಿಂಗಲ್ಲಿ ಪೂರ್ತಿ ಕೋಳಿ ಕೂಗು, ಎರಡು ರಾತ್ರಿ ಹಿಡೀತು." ಅಧ್ಯಾಯ ಇನ್ನೂ ಮುಗಿದಿಲ್ಲ, ಮುಂದಿನ ಭೇಟಿ 22ನೇ ತಾರೀಕಿಗೆ ಇದೆ.